ಪಕ್ಕದ ಜಮೀನಿನಲ್ಲಿ ಹೊಸ ವಸತಿ ಸಮುಚ್ಚಯ: ಭೂ ಉಪಯೋಗ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳಿಗೂ ಕಳೆದುಹೋದ ಅಂಕಪಟ್ಟಿಗಳ ಜಾಹೀರಾತಿಗೂ ನಡುವೆ, ಅಂಗೈ ಅಗಲದ ಒಂದು ಪ್ರಕಟಣೆ ಬಂದಿರುತ್ತದೆ. ಇಂಥ ಹೋಬಳಿಯ ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಜಮೀನಿನ ಉಪಯೋಗವನ್ನು ಕೃಷಿಯಿಂದ ವಾಸಕ್ಕೆ ಬದಲಾಯಿಸಲು ಉದ್ದೇಶಿಸಲಾಗಿದೆ, ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬುದು ಅದರ ಸಾರ. ನಮ್ಮ ಬಡಾವಣೆಯ ಪಕ್ಕದ ಮಾವಿನ ತೋಪಿನ ಬಗ್ಗೆ ಇಂಥದೊಂದು ಪ್ರಕಟಣೆ ಬಂದಿತ್ತೆಂದು ನಮಗೆ ತಿಳಿದದ್ದು ಜೆಸಿಬಿ ಬಂದು ಬೇಲಿ ಕಿತ್ತ ದಿನ. ಆಕ್ಷೇಪಣೆಯ ಅವಧಿ ಮುಗಿದು ಆಗಲೇ ಎಷ್ಟೋ ತಿಂಗಳಾಗಿತ್ತು. ಆ ನಷ್ಟ ಇನ್ನೊಂದು ಬೀದಿಯವರಿಗೆ ಆಗಬಾರದೆಂದೇ ಈ ಲೇಖನ.

ಮೊದಲು ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ತಪ್ಪು ಕಚೇರಿಗೆ ಅರ್ಜಿ ಕೊಟ್ಟು ದಿನ ಕಳೆದುಕೊಳ್ಳುವವರೇ ಹೆಚ್ಚು. ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ತರುವುದು ಭೂ ಪರಿವರ್ತನೆ. ಅದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವ ಕೆಲಸ. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಒಂದು ಜಾಗಕ್ಕೆ ಗೊತ್ತುಮಾಡಿದ ಉಪಯೋಗವನ್ನೇ ತಿದ್ದುವುದು ಭೂ ಉಪಯೋಗ ಬದಲಾವಣೆ. ಇದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿಗೆ ಸೇರಿದ್ದು, ಯೋಜನಾ ಪ್ರಾಧಿಕಾರದ ಮುಂದೆ ಬರುತ್ತದೆ, ರಾಜ್ಯ ಸರ್ಕಾರದ ಪೂರ್ವಾನುಮತಿಯಿಲ್ಲದೆ ಆಗುವುದಿಲ್ಲ. ಈ ಕಲಮು ಮೂರು ಷರತ್ತುಗಳನ್ನು ಹಾಕುತ್ತದೆ: ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರಾವ ಕಾನೂನನ್ನೂ ಮೀರಬಾರದು, ಮತ್ತು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನೆರೆಹೊರೆಯವರ ಕೈಗೆ ಸಿಗುವ ಗಟ್ಟಿಯಾದ ಅವಕಾಶ ಈ 15 ದಿನಗಳೇ. ಪರಿಸರ ಅನುಮತಿಯ ಹಂತದಲ್ಲಿ ಮಾತಾಡೋಣ ಎಂದು ಕೆಲವರು ಕಾಯುತ್ತಾರೆ. ಆದರೆ 20,000 ಚದರ ಮೀಟರ್ ಮೀರಿದ ಕಟ್ಟಡಗಳಿಗೆ ಪರಿಸರ ಅನುಮತಿಯನ್ನು ಕಡ್ಡಾಯ ಮಾಡಿದ 2006ರ ಅಧಿಸೂಚನೆಯೇ ಕಟ್ಟಡ ಯೋಜನೆಗಳನ್ನು ಸಾರ್ವಜನಿಕ ಅಹವಾಲು ಸಭೆಯಿಂದ ಹೊರಗಿಟ್ಟಿದೆ.

ದಾಖಲೆ ಕೂಡಿಸುವುದು

ಪ್ರಕಟಣೆ ಕಣ್ಣಿಗೆ ಬಿದ್ದ ದಿನವೇ ಅದನ್ನು ಕತ್ತರಿಸಿ, ಪತ್ರಿಕೆಯ ಹೆಸರು ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಅದರಲ್ಲಿರುವ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಜಮೀನು ನಿಖರವಾಗಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಪಹಣಿಯಲ್ಲಿ ಮಾಲೀಕತ್ವದ ಜೊತೆಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಗುಂಟೆ ಇದೆ ಎಂಬುದನ್ನೂ ಗಮನಿಸಿ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಹಳೆಯ ಗ್ರಾಮ ನಕ್ಷೆಯನ್ನು ತಪ್ಪದೆ ತೆಗೆಸಿಕೊಳ್ಳಿ. ಈಗ ಹುಲ್ಲು ಬೆಳೆದು ಮುಚ್ಚಿಹೋದ ಕಾಲುವೆಯೂ ಅದರಲ್ಲಿ ಗೆರೆಯಾಗಿ ಉಳಿದಿರುತ್ತದೆ. ನಮ್ಮ ತೋಪಿನ ನಡುವೆ ಅಂಥದೊಂದು ಗೆರೆ ಹಾದುಹೋಗಿದ್ದನ್ನು ನಾವು ನೋಡಿದ್ದು ತೀರ ತಡವಾಗಿ.

ಮಹಾಯೋಜನೆಯ ನಕ್ಷೆಯಲ್ಲಿ ಜಮೀನಿನ ಬಣ್ಣವನ್ನೂ ನೋಡಬೇಕು. ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಉದ್ಯಾನಕ್ಕೆ ಎಂಬುದು ಸಾಮಾನ್ಯ ರೂಢಿ. ಜಮೀನು ಆಗಲೇ ಹಳದಿಯಾಗಿದ್ದರೆ ವಾಸದ ಉಪಯೋಗವನ್ನು ಪ್ರಶ್ನಿಸಲು ಆಧಾರ ಸಿಗುವುದು ಕಷ್ಟ. ಆಗ ನಿಮ್ಮ ಪ್ರಶ್ನೆ ಬಡಾವಣೆ ವಿನ್ಯಾಸ ಮತ್ತು ಕಟ್ಟಡ ನಕ್ಷೆಯ ಮಂಜೂರಾತಿಯ ಕಡೆಗೆ ತಿರುಗಬೇಕು.

ಅರ್ಜಿದಾರರು ಸಲ್ಲಿಸಿದ ಪ್ರಸ್ತಾವದ ಪ್ರತಿಗಾಗಿ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಕಾಲಾವಕಾಶವಿರುವುದರಿಂದ ಅದನ್ನು ಕಾಯುತ್ತ ಆಕ್ಷೇಪಣೆಯನ್ನು ತಡಮಾಡಬಾರದು. ಅದೇ ದಿನ ಕಚೇರಿಗೆ ಹೋಗಿ, ಕಡತವನ್ನು ನೋಡಲು ಅವಕಾಶ ಕೊಡಿ ಎಂದು ಲಿಖಿತವಾಗಿ ಕೇಳಿ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು

‘ಅಪಾರ್ಟ್‌ಮೆಂಟ್ ಬಂದರೆ ನಮಗೆ ತೊಂದರೆಯಾಗುತ್ತದೆ’ ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಒಂದು ಹಾಳೆಯಾಗಿ ಉಳಿಯುತ್ತದೆ, ಅಷ್ಟೆ. ಊರಿಗೆ ಹೊಸ ಮನೆಗಳು ಬೇಕು. ನಾಳೆ ಅಲ್ಲಿಗೆ ಬರುವವರೂ ನಮ್ಮಂತೆಯೇ ಸಾಲ ಮಾಡಿ ಸೂರು ಕಟ್ಟಿಕೊಳ್ಳುವವರು. ಹಾಗಾಗಿ ಅವರು ಬರಬಾರದು ಎಂಬ ಧ್ವನಿಯ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ, ಅದು ನಿಲ್ಲುವುದೂ ಇಲ್ಲ. ಆ ನೆಲ, ಆ ರಸ್ತೆ, ಆ ಚರಂಡಿ ಎಷ್ಟು ಜನರನ್ನು ತಾಳಬಲ್ಲವು ಎಂಬುದನ್ನು ಲೆಕ್ಕಸಹಿತ ತೋರಿಸಿದ ಆಕ್ಷೇಪಣೆಗೆ ಮಾತ್ರ ಪ್ರಾಧಿಕಾರ ಉತ್ತರ ಹೇಳಬೇಕಾಗುತ್ತದೆ.

ನೀರನ್ನೇ ತೆಗೆದುಕೊಳ್ಳಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆಗಳಲ್ಲಿ ಹಿಡಿಯುವ ಸಾಮಾನ್ಯ ಲೆಕ್ಕ. 200 ಮನೆಗಳ ಸಮುಚ್ಚಯದಲ್ಲಿ ಮನೆಗೆ ನಾಲ್ವರಂತೆ 800 ಜನರಾದರೆ ದಿನಕ್ಕೆ 1,08,000 ಲೀಟರ್ ಬೇಕು, ಅಂದರೆ 12,000 ಲೀಟರ್ ಹಿಡಿಯುವ ಒಂಬತ್ತು ಟ್ಯಾಂಕರ್. ಆ ನೀರಿನಲ್ಲಿ ಶೇ 80ರಷ್ಟು ಒಳಚರಂಡಿಗೆ ಬರುತ್ತದೆಂದು ಹಿಡಿದರೆ 86,400 ಲೀಟರ್ ಕೊಳಚೆ. ನಿಮ್ಮ ಬೀದಿಗೆ ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಎಷ್ಟು ಕೊಳವೆಬಾವಿ ಬತ್ತಿವೆ, ಮ್ಯಾನ್‌ಹೋಲ್ ಯಾವ ಯಾವ ದಿನ ಉಕ್ಕಿತು ಎಂಬ ವಿವರವನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟರೆ ಆಕ್ಷೇಪಣೆಗೆ ತೂಕ ಬರುತ್ತದೆ.

ರಸ್ತೆಯ ಅಗಲವನ್ನು ಟೇಪು ಹಿಡಿದು ನೀವೇ ಅಳೆಯಿರಿ. ಭಾನುವಾರ ಬೆಳಿಗ್ಗೆ ಇಬ್ಬರು ಟೇಪಿನ ಎರಡು ತುದಿ ಹಿಡಿದು, ಒಬ್ಬರು ಬರೆದುಕೊಂಡರೆ, ಒಂದು ಗಂಟೆಯಲ್ಲಿ ಹತ್ತು ಕಡೆ ಅಳೆಯಬಹುದು. ಎಷ್ಟು ಅಂತಸ್ತು, ಎಷ್ಟು ನೆಲವಿಸ್ತೀರ್ಣ ಎಂಬುದು ವಲಯ ನಿಯಮಾವಳಿಯಲ್ಲಿ ರಸ್ತೆಯ ಅಗಲಕ್ಕೆ ತಳುಕು ಹಾಕಿಕೊಂಡಿರುವುದರಿಂದ, ಕಾಗದದಲ್ಲಿ 12 ಮೀಟರ್ ಎಂದಿರುವ ರಸ್ತೆ ದೇವಸ್ಥಾನದ ತಿರುವಿನಲ್ಲಿ 7 ಮೀಟರಿಗೆ ಇಳಿದರೆ ಅದು ದೊಡ್ಡ ಸಂಗತಿ. ಅಳತೆ ತೆಗೆದ ಜಾಗದ ಫೋಟೊ ಲಗತ್ತಿಸಿ.

ಕೆರೆ ಅಥವಾ ರಾಜಕಾಲುವೆ ಹತ್ತಿರವಿದ್ದರೆ ಅದಕ್ಕೆ ಪ್ರತ್ಯೇಕ ಪ್ಯಾರಾ ಮೀಸಲಿಡಿ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಕಾಯ್ದಿರಿಸಿದ ಅಂತರ, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಗೊತ್ತುಮಾಡಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತೆಗೆದುಹಾಕಿತು. ಆದ್ದರಿಂದ 75 ಮೀಟರ್ ಎಂದು ಬರೆದು ಆಕ್ಷೇಪಣೆಯನ್ನು ದುರ್ಬಲಗೊಳಿಸಿಕೊಳ್ಳದೆ, ನಿಮ್ಮ ಯೋಜನಾ ಪ್ರದೇಶದಲ್ಲಿ ಆ ದಿನ ಜಾರಿಯಲ್ಲಿರುವ ನಿಯಮವನ್ನೇ ಉಲ್ಲೇಖಿಸಬೇಕು. ಮಳೆಗಾಲದಲ್ಲಿ ಗೇಟಿನ ಮೇಲೆ ನೀರು ನಿಂತ ಗುರುತು, ದಿನಾಂಕವಿರುವ ಫೋಟೊ ಇದ್ದರೆ ಅವನ್ನೂ ಸೇರಿಸಿ.

ಸಲ್ಲಿಸುವಾಗ

ಒಂದೇ ಅರ್ಜಿಗೆ ನೂರು ಜನ ಸಹಿ ಹಾಕುವುದಕ್ಕಿಂತ, ಸಂಘದ್ದೊಂದು ಮತ್ತು ನೇರವಾಗಿ ಬಾಧಿತರಾಗುವ ಮನೆಯವರದು ಬೇರೆಬೇರೆ ಇದ್ದರೆ ಒಳ್ಳೆಯದು. ಪ್ರತಿಯೊಂದರಲ್ಲೂ ಪ್ರಕಟಣೆಯ ದಿನಾಂಕ, ಸರ್ವೆ ನಂಬರು, ನಿಮ್ಮ ಮನೆ ಆ ಜಮೀನಿಗೆ ಎಷ್ಟು ದೂರ ಎಂಬುದಿರಲಿ. ಕೊನೆಯಲ್ಲಿ ‘ತೀರ್ಮಾನಕ್ಕೆ ಮುನ್ನ ನಮ್ಮ ಅಹವಾಲನ್ನು ಖುದ್ದಾಗಿ ಕೇಳಬೇಕು, ನಿರ್ಧಾರವನ್ನು ಕಾರಣಸಹಿತ ತಿಳಿಸಬೇಕು’ ಎಂದು ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ‘ಇಟ್ಟು ಹೋಗಿ, ಸಾಹೇಬರಿಗೆ ತಲುಪಿಸುತ್ತೇವೆ’ ಎಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಆಮೇಲೆ ಕಡತ ಪ್ರಾಧಿಕಾರದ ಸಭೆಯಿಂದ ನಗರಾಭಿವೃದ್ಧಿ ಇಲಾಖೆಗೆ ಹೋಗುತ್ತದೆ. ಆಕ್ಷೇಪಣೆಯ ಪ್ರತಿಯನ್ನು ಅಲ್ಲಿಗೂ ಕಳಿಸಿ, ಸಭೆಯ ನಡವಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎಲ್ಲವನ್ನೂ ಕಡೆಗಣಿಸಿ ಆದೇಶ ಹೊರಟರೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ ಹೈಕೋರ್ಟ್ ಅವರ ಪರ ನಿಂತಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಬಡಾವಣೆಯ ನಿವಾಸಿಗಳಿಗೆ ಇದನ್ನು ಕೇಳುವ ಹಕ್ಕಿದೆಯೆಂದು ಒಪ್ಪಿತು. ವಕೀಲರನ್ನು ಕಾಣಲು ಹೋಗುವಾಗ ಪ್ರಕಟಣೆಯ ತುಣುಕು, ಮೊಹರು ಬಿದ್ದ ಪ್ರತಿ, ಗ್ರಾಮ ನಕ್ಷೆ, ರಸ್ತೆಯ ಅಳತೆಯ ಪಟ್ಟಿ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿರಲಿ, ಮತ್ತು ಆದೇಶದ ಪ್ರತಿ ಕೈಸೇರಿದ ವಾರದಲ್ಲೇ ಹೋಗಿ. ಕಂಬಗಳು ಎದ್ದ ಮೇಲೆ ಹೋದರೆ ವಿಳಂಬದ ಪ್ರಶ್ನೆಯೇ ಮೊದಲು ಎದುರಾಗುತ್ತದೆ.