170/70: ಕಿಡ್ನಿ ರೋಗಿಯ ಬಿಪಿ ಪುಸ್ತಕವನ್ನು ನಾನು ಓದುವ ಬಗೆ

ಕ್ಲಿನಿಕ್ಕಿನಲ್ಲಿ ಒಮ್ಮೆ ನೋಡಿದ ಬಿಪಿ ನಂಬಿ ನಾನು ಮಾತ್ರೆ ಏರಿಸುವುದಿಲ್ಲ. ಏಳು ದಿನ ಮನೆಯಲ್ಲೇ ನೋಡಿ ಪುಸ್ತಕದಲ್ಲಿ ಬರೆದ ಲೆಕ್ಕ ಬೇಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ, ರಾತ್ರಿ ಮತ್ತೆರಡು ಸಲ. ಮೊದಲ ದಿನದ್ದನ್ನು ಕೈಬಿಟ್ಟು ಉಳಿದ 24ರ ಸರಾಸರಿ ಹಾಕುತ್ತೇನೆ. ಅದು 135/85 ಮುಟ್ಟಿದರೆ ಬಿಪಿ ಇದೆ ಎಂದೇ ಲೆಕ್ಕ.

ಎಡವಟ್ಟು ಹೆಚ್ಚಾಗಿ ತೋಳಿಗೆ ಸುತ್ತುವ ಪಟ್ಟಿಯದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಟೇಪು ಹಿಡಿದು ತೋಳಿನ ಸುತ್ತಳತೆ ನೋಡಿಯೇ ಪಟ್ಟಿ ಆರಿಸಬೇಕು. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಅಪಧಮನಿ, ಅಭಿಧಮನಿಗಳನ್ನು ಸೇರಿಸಿ ಹೊಲಿದ ಜೋಡಣೆ) ಮಾಡಿದ ಕೈಗಂತೂ ಕಟ್ಟಲೇಬಾರದು, ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋದೀತು.

ಪುಸ್ತಕದಲ್ಲಿ 170/70 ತರಹದ ಅಂಕಿ ಕಂಡರೆ ನನ್ನ ಕಣ್ಣು ಮೇಲಿನದಕ್ಕಿಂತ ಎರಡರ ನಡುವಿನ ಅಂತರದ ಮೇಲೆ. ಅಂತರ ಇಷ್ಟು ದೊಡ್ಡದಾದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಪೆಡಸಾಗಿರಬಹುದು. ಹಿಗ್ಗುವ ಮಹಾಪಧಮನಿ ಹೃದಯದ ಪ್ರತಿ ಬಡಿತದ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. ಪೆಡಸಾದದ್ದು ಮುಂದಕ್ಕೆ ದಾಟಿಸುತ್ತದೆ. ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಿಡ್ನಿಗೇ ಹೋಗುವುದರಿಂದ ಏಟು ಬೀಳುವುದು ಅಲ್ಲಿನ ಸೂಕ್ಷ್ಮ ಜರಡಿಗಳಿಗೆ. ಒಳಬರುವ ಸಣ್ಣ ನಾಳದ ಗೋಡೆ ದಪ್ಪಗಾಗಿ ಕೆಲವು ಜರಡಿ ರಕ್ತ ಸಾಲದೆ ಒಣಗುತ್ತವೆ, ಮಿಕ್ಕವು ಅವುಗಳ ಪಾಲಿನ ಕೆಲಸವನ್ನೂ ಹೊತ್ತು ಪ್ರೋಟೀನ್ ಸೋರಿಸುತ್ತವೆ. ಸೋತ ಕಿಡ್ನಿಯೂ ಸುಮ್ಮನಿರುವುದಿಲ್ಲ: ಉಪ್ಪುನೀರು ಉಳಿದು ಬಿಪಿ ಏರುತ್ತದೆ, ರಂಜಕ (ಫಾಸ್ಫರಸ್) ಹೆಚ್ಚಿ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ.

ಹಾಗಾಗಿ ಪುಸ್ತಕದ ಜತೆಗೆ ಬೆಳಗಿನ ಮೊದಲ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಕೇಳುತ್ತೇನೆ; ಅಲ್ಬುಮಿನ್ ಎಂದರೆ ಸೋರುವ ಆ ಪ್ರೋಟೀನ್, ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕುವ ಒಂದು ಕಶ್ಮಲ. ಗ್ರಾಮಿಗೆ 30 ಮಿಲಿಗ್ರಾಂ ದಾಟಿ ಬಿಪಿಯೂ ಇದ್ದರೆ ಸಾಮಾನ್ಯವಾಗಿ ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ಜಾತಿಯ ಮಾತ್ರೆಯೇ ಮೊದಲು. ಶುರುಮಾಡುವ ಮುನ್ನ ಒಮ್ಮೆ, ಎರಡು ವಾರಕ್ಕೆ ಮತ್ತೊಮ್ಮೆ ರಕ್ತದ ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡಿಸುತ್ತೇನೆ. ಕ್ರಿಯಾಟಿನಿನ್ ಶೇ. 30ರೊಳಗೆ ಏರಿ ನಿಂತರೆ ಹೆದರಿ ನಿಲ್ಲಿಸುವುದಿಲ್ಲ. ಜರಡಿಯೊಳಗಿನ ಒತ್ತಡ ಇಳಿದದ್ದರ ಗುರುತು ಅದು. ಅದಕ್ಕೂ ಮೀರಿದರೆ ಭೇದಿಯಿಂದ ನೀರು ಕಳೆದಿದೆಯೇ, ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದಾರೆಯೇ ಎಂದು ವಿಚಾರಿಸಿ, ಆಮೇಲೆ ಕಿಡ್ನಿಯ ಅಪಧಮನಿ ಕಿರಿದಾಗಿದೆಯೇ ಎಂದು ಡಾಪ್ಲರ್ ಸ್ಕ್ಯಾನ್.

ಪೊಟ್ಯಾಷಿಯಂ 5.5 ದಾಟಿದವರಿಗೆ ಮನೆಯ ಉಪ್ಪಿನ ಪ್ಯಾಕೆಟ್ಟನ್ನೇ ತರಲು ಹೇಳುತ್ತೇನೆ. ಬಿಪಿಗೆ ಒಳ್ಳೆಯದೆಂದು ಮಕ್ಕಳು ತಂದುಕೊಟ್ಟ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಸಾಮಾನ್ಯವಾಗಿ ಪೊಟ್ಯಾಷಿಯಂ ಕ್ಲೋರೈಡ್.