ಉತ್ತರಪತ್ರಿಕೆ ರಾಶಿ ಕಂಡ್ರೆ ತಲೆಬಿಸಿ ಆಗೋ ಗಣಿತ ಶಿಕ್ಷಕರಿಗೆ

ಹೈಸ್ಕೂಲ್ ಗಣಿತದಲ್ಲಿ ಹಂತಹಂತಕ್ಕೂ ಅಂಕ ಕೊಡಬೇಕಲ್ಲ, ಹಾಗಾಗಿ ಉತ್ತರ ತಪ್ಪಿದ್ರೂ ಒಂದೊಂದು ಸಾಲೂ ಓದಲೇಬೇಕು. ಸುಸ್ತಾಗೋದೇ ಇಲ್ಲಿ. ಒಬ್ಬೊಬ್ಬರ ಪತ್ರಿಕೆ ಪೂರ್ತಿ ಮುಗಿಸೋ ಬದಲು, ಮೊದಲು ಎಲ್ಲರದ್ದೂ ಒಂದೇ ಪ್ರಶ್ನೆ ತಿದ್ದಿ ನೋಡಿ. ಅಂಕ ಹಂಚಿಕೆ ತಲೆಯಲ್ಲೇ ಇರುತ್ತೆ, ಕೈ ಓಡುತ್ತೆ, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಮ್ಮಿ ಆಗಲ್ಲ. (ಎ+ಬಿ)² ವಿಸ್ತರಿಸುವಾಗ ನಡುವಿನ 2ಎಬಿ ಬಿಟ್ಟವರೆಷ್ಟು, ಸಮೀಕರಣದಲ್ಲಿ ಪದದ ಪಕ್ಷ ಬದಲಿಸಿದಾಗ ಚಿಹ್ನೆ ಬದಲಿಸದವರೆಷ್ಟು ಅನ್ನೋದೂ ಥಟ್ಟನೆ ಗೊತ್ತಾಗುತ್ತೆ.

ಅದೇ ಷರಾ ಎಲ್ಲರಿಗೂ ಬರೀತಾ ಕೂರಬೇಡಿ. ಚಿಹ್ನೆ ತಪ್ಪಿದ್ರೆ ‘ಚಿ’ ಅಂತ ಗುರುತು ಹಾಕಿ ಸಾಕು (ಬೈಗುಳ ಅಂದ್ಕೊಂಡಾರು, ಮೊದಲೇ ಹೇಳಿಡಿ). ಮರುದಿನ ಬೋರ್ಡ್ ಮೇಲೆ ಒಮ್ಮೆ ಬಿಡಿಸಿ ತೋರಿಸಿ, ಮಕ್ಕಳೇ ತಿದ್ದಿಕೊಳ್ಳಲಿ. ಹೋಮ್‌ವರ್ಕ್‌ನಲ್ಲಂತೂ ಆಯ್ದ ಎರಡೇ ಲೆಕ್ಕ ನೋಡಿ. ಹೀಗೆ ಮಾಡ್ತೀನಿ ಅಂತ ಮುಖ್ಯಶಿಕ್ಷಕರ ಕಿವಿಗೂ ಮೊದಲೇ ಹಾಕಿಡಿ.