ಎಲೆಕ್ಟ್ರಿಕ್ ಗಿಟಾರಿಗೆ ಗಟ್ಟಿ ಪೆಟ್ಟಿಗೆ: ಮೊದಲು ನೋಡಬೇಕಾದ್ದು ಕತ್ತು

ಬಳ್ಳಾರಿಯಿಂದ ಕೊಪ್ಪಳ ಅಂಥ ದೂರವೇನಲ್ಲ. ಆ ಒಂದು ಪ್ರಯಾಣದಲ್ಲೇ ನನ್ನ ಗಿಟಾರಿನ ಕತ್ತು ಮುರಿಯಿತು. ಜಾತ್ರೆಯ ರಸಮಂಜರಿಗೆ ಹೊರಟಿದ್ದೆವು. ಗಿಟಾರನ್ನು ಬಟ್ಟೆಯ ಬ್ಯಾಗಿನಲ್ಲಿ ಹಾಕಿ, ಬಸ್ಸಿನ ಡಿಕ್ಕಿಯಲ್ಲಿ ಸ್ಪೀಕರಿಗೆ ಒರಗಿಸಿ ನಿಲ್ಲಿಸಿದ್ದೆ. ಇಳಿದಾಗ ಕ್ಲೀನರ್ ಹುಡುಗ, "ಏನೂ ಆಗಿಲ್ರೀ ಅಣ್ಣಾ, ಬ್ಯಾಗ್ ಅಡ್ಡ ಬಿದ್ದಿತ್ತು, ಅಷ್ಟೇ" ಎಂದ. ಅವನು ಹೇಳಿದ್ದು ನಿಜವೇ. ಬ್ಯಾಗ್ ಬರೀ ಅಡ್ಡ ಬಿದ್ದಿತ್ತು. ಜಿಪ್ ತೆಗೆದು ನೋಡಿದರೆ ತಂತಿಗಳೆಲ್ಲ ಸಡಿಲ. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿ) ಹಿಂದೆ ಕೂದಲೆಳೆಯಂಥ ಬಿರುಕು. ಹೆಬ್ಬೆರಳಿನಿಂದ ಒತ್ತಿದರೆ ಅದು ಬಾಯಿ ಬಿಡುತ್ತಿತ್ತು. ಒಳಗೆ ಬಣ್ಣ ಕಾಣದ ಮರ ಕಾಣುತ್ತಿತ್ತು. ಬಾಡಿಯ ಮೇಲೆ ಒಂದು ಗೀರೂ ಇರಲಿಲ್ಲ.

ಅಂಟು ಹಾಕಿ, ಕ್ಲಾಂಪ್ ಬಿಗಿದು ಅದನ್ನು ಸರಿ ಮಾಡಿಸಿದೆ. ಈಗಲೂ ನುಡಿಸುತ್ತೇನೆ. ಆದರೆ ಹಾರ್ಡ್ ಕೇಸ್ ಕೊಳ್ಳಲು ಬರುವ ಹುಡುಗರು ಹೊರಗಿನ ಚಿಪ್ಪನ್ನು ಬೆರಳಲ್ಲಿ ಕುಟ್ಟಿ "ಗಟ್ಟಿ ಇದೆ" ಅಂದಾಗ ನನಗೆ ಆ ಬಿರುಕೇ ನೆನಪಾಗುತ್ತದೆ. ಕೇಸು ಹೊರಗೆ ಎಷ್ಟು ಗಟ್ಟಿ ಅನ್ನುವುದು ಆಮೇಲಿನ ಮಾತು. ಒಳಗೆ ಅದು ಗಿಟಾರಿನ ಕತ್ತನ್ನು ಹೇಗೆ ಹಿಡಿಯುತ್ತದೆ ಎನ್ನುವುದು ಮೊದಲು.

1. ನಿಮ್ಮ ಗಿಟಾರಿನ ಕತ್ತು ಎಂಥದ್ದು?

ಸ್ಟ್ರಾಟೊಕಾಸ್ಟರ್, ಟೆಲಿಕಾಸ್ಟರ್ ಮಾದರಿಯ ಗಿಟಾರುಗಳಲ್ಲಿ ಹೆಡ್‌ಸ್ಟಾಕ್, ಅಂದರೆ ತಂತಿ ಬಿಗಿಸುವ ಟ್ಯೂನರುಗಳಿರುವ ತಲೆ, ಚಪ್ಪಟೆ. ನೆಕ್ಕನ್ನು, ಅಂದರೆ ಕತ್ತನ್ನು, ಬಾಡಿಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಇವು ಗಟ್ಟಿ ಜೀವ. ಲೆಸ್ ಪಾಲ್, ಎಸ್‌ಜಿ ಮಾದರಿಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುತ್ತದೆ. ಇವನ್ನು ಮಾಡುವ ಗಿಬ್ಸನ್ ಕಂಪನಿಯ ಹಳೆಯ ಅಳತೆಯಲ್ಲಿ ಈ ವಾಲು 17 ಡಿಗ್ರಿ. ನೆಕ್ಕನ್ನು ಒಂದೇ ಮರದಲ್ಲಿ ಕೊರೆದಾಗ, ವಾಲಿದ ಕಡೆ ಮರದ ಎಳೆಗಳು ಉದ್ದಕ್ಕೆ ಹೋಗದೆ ಓರೆಯಾಗಿ ತುಂಡಾಗುತ್ತವೆ. ಅಲ್ಲೇ, ನಟ್ಟಿನ ಹತ್ತಿರ, ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳು) ತಿರುಗಿಸಲು ಮರವನ್ನು ತೋಡಿಯೂ ಇರುತ್ತಾರೆ. ಮರ ತೀರಾ ಕಡಿಮೆ ಇರುವ ಜಾಗ ಅದೇ. ಮೇಲೆ ಆರು ಟ್ಯೂನರುಗಳ ಭಾರ. 10 ನಂಬರಿನ ತಂತಿ ಹಾಕಿ ಶ್ರುತಿ ಮಾಡಿದರೆ ಆರೂ ಸೇರಿ ಸುಮಾರು 45 ಕೆ.ಜಿ.ಯಷ್ಟು ಎಳೆಯುತ್ತವೆ.

ಹೀಗಿರುವ ಗಿಟಾರು ಬೆನ್ನಡಿಯಾಗಿ ಬಿದ್ದರೆ ಏನಾಗುತ್ತದೆ? ಬಾಡಿ ನೆಲಕ್ಕೆ ಬಡಿದು ನಿಲ್ಲುತ್ತದೆ. ತಲೆ ನಿಲ್ಲುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಕೇಸಿನೊಳಗೆ ಇದ್ದರೂ ಇದೇ ಕಥೆ, ಕೇಸು ಕತ್ತನ್ನು ಹಿಡಿದಿಲ್ಲವಾದರೆ. ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರ ತಲೆ ಹೇಗೆ ಜೋಲಿ ಹೊಡೆಯುತ್ತದೆ ನೋಡಿ, ಹಾಗೆ.

ಆದ್ದರಿಂದ ಕೇಸಿನೊಳಗೆ ನೆಕ್ಕಿನ ಕೆಳಗೆ ಒಂದು ದಿಂಬು ಇರಲೇಬೇಕು. ನಟ್ಟಿನಿಂದ ಸ್ವಲ್ಪ ಈಚೆ, ಮೊದಲ ಮೂರು ನಾಲ್ಕು ಫ್ರೆಟ್ಟುಗಳ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ) ಅಡಿಯಲ್ಲಿ ಆ ದಿಂಬು ಕೂತರೆ ಸರಿ. ಹೆಡ್‌ಸ್ಟಾಕ್ ಮಾತ್ರ ಗಾಳಿಯಲ್ಲಿ ತೇಲುತ್ತಿರಬೇಕು. ಅದರ ಬೆನ್ನು ತಳಕ್ಕೆ ತಾಗಬಾರದು, ತುದಿ ಗೋಡೆಗೆ ತಾಗಬಾರದು. ಸ್ಟ್ರಾಟ್ ಕೇಸಿನಲ್ಲಿ ಲೆಸ್ ಪಾಲ್ ಮಲಗಿಸಿದರೆ ಎಷ್ಟೋ ಸಲ ಮುಚ್ಚಳವೇನೋ ಮುಚ್ಚುತ್ತದೆ. ಆದರೆ ಆಳ ಸಾಲದೆ ತಲೆ ತಳಕ್ಕೆ ಒತ್ತಿಕೊಂಡಿರುತ್ತದೆ. ಅದು ಕೇಸಿಲ್ಲದೆ ಇರುವುದಕ್ಕಿಂತ ಕೆಟ್ಟದ್ದು.

2. ಟೇಪು ಹಿಡಿದು ಅಳೆಯಿರಿ

ದರ್ಜಿಯವರ ಟೇಪು ಸಾಕು. ತುದಿಯಿಂದ ತುದಿಗೆ ಉದ್ದ, ಬಾಡಿಯ ಕೆಳಭಾಗದ ಅಗಲ, ಮೇಲ್ಭಾಗದ ಅಗಲ, ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಸೇರಿಸಿ ದಪ್ಪ. ಈ ನಾಲ್ಕನ್ನು ಬರೆದುಕೊಳ್ಳಿ. ಸ್ಟ್ರಾಟ್, ಲೆಸ್ ಪಾಲ್ ಎರಡೂ ಸುಮಾರು ಒಂದು ಮೀಟರ್ ಉದ್ದ, 13 ಇಂಚಿನ ಆಸುಪಾಸು ಅಗಲ. ಇಎಸ್-335 ಥರದ ಅರ್ಧ ಟೊಳ್ಳು ಗಿಟಾರು 16 ಇಂಚು ಅಗಲ, ಅದಕ್ಕೆ ಬೇರೆಯೇ ಕೇಸು ಬೇಕು. ಬಾಸ್ ಗಿಟಾರಿಗಂತೂ ಇವು ಯಾವುವೂ ಆಗುವುದಿಲ್ಲ. ಎಡಗೈಯವರು ಗಿಟಾರಿನ ಆಕಾರದಲ್ಲೇ ಕೊರೆದ ಕೇಸಿನ ಬದಲು ಆಯತಾಕಾರದ ಕೇಸು ನೋಡುವುದು ಒಳ್ಳೆಯದು.

ಆದರೂ ಅಂಗಡಿಗೆ ಹೋಗುವಾಗ ಗಿಟಾರನ್ನೇ ಒಯ್ಯಿರಿ. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಮಾಡುವ ಅವಕಾಶ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

3. ಗಿಟಾರು ಎಲ್ಲೆಲ್ಲಿ ಓಡಾಡುತ್ತದೆ?

ಬೈಕಿನಲ್ಲಿ ಚರ್ಚಿಗೆ, ಕ್ಲಾಸಿಗೆ ಹೋಗಿಬರುವವರಿಗೆ ನಾನು ಹಾರ್ಡ್ ಕೇಸ್ ಹೇಳುವುದಿಲ್ಲ. ಒಂದು ಕೈಯಲ್ಲಿ ಐದು ಕೆ.ಜಿ. ಪೆಟ್ಟಿಗೆ ಹಿಡಿದು ಬೈಕಿನ ಹಿಂದೆ ಕೂರುವುದು ಅಪಾಯ. ಗಟ್ಟಿ ಫೋಮಿನ, ಬೆನ್ನಿಗೆ ಹಾಕಿಕೊಳ್ಳುವ ಅರೆಗಟ್ಟಿ ಕೇಸು ಅವರಿಗೆ ಸಾಕು. ಅದರಲ್ಲೂ ಕತ್ತಿನ ದಿಂಬು ಇರಬೇಕು, ಮರೆಯಬೇಡಿ.

ಕಾರು, ರೈಲಿಗೆ ಪ್ಲೈವುಡ್ಡಿನ ಕೇಸು ಅಥವಾ ಎಬಿಎಸ್ ಪ್ಲಾಸ್ಟಿಕ್ಕಿನ ಅಚ್ಚು ಕೇಸು ಚೆನ್ನ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಬೆಂಗಳೂರಿಗೆ ಹೋಗುವಾಗ ನಾನು ಮೇಲಿನ ಬರ್ತ್ ಹಿಡಿದು, ಕೇಸನ್ನು ಗೋಡೆ ಕಡೆ ಇಟ್ಟು ಪಕ್ಕದಲ್ಲೇ ಮಲಗುತ್ತೇನೆ. ಲಾರಿ, ಟೆಂಪೊದಲ್ಲಿ ಸೌಂಡ್ ಸಿಸ್ಟಮ್ಮಿನ ಜೊತೆ ಹಾಕುವವರಿಗೆ ಮಾತ್ರ ಅಲ್ಯುಮಿನಿಯಂ ಅಂಚಿನ ಫ್ಲೈಟ್ ಕೇಸ್ ಬೇಕು. ಅದು ಹತ್ತು ಕೆ.ಜಿ. ಮುಟ್ಟುತ್ತದೆ. ಹೊರುವವರು ಯಾರು ಅಂತ ಮೊದಲು ಯೋಚಿಸಿ.

ಇನ್ನೊಂದು ದಾರಿಯೂ ಇದೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅಂತಲೇ ಹೆಸರು. ನಾಟಕ, ಬಯಲಾಟದ ಪೇಟಿ ಮಾಸ್ತರರ ವಾದ್ಯಕ್ಕೆ ಪೆಟ್ಟಿಗೆ ಮಾಡಿಕೊಟ್ಟು ಪಳಗಿದ ಬಡಿಗರು ಇನ್ನೂ ಇದ್ದಾರೆ. ಪ್ಲೈವುಡ್ಡಿನಲ್ಲಿ ಗಿಟಾರಿಗೂ ಮಾಡಿಸಬಹುದು. ತಳ, ಮುಚ್ಚಳಕ್ಕೆ ತೆಳು ಹಲಗೆ, ಪಕ್ಕಗಳಿಗೆ ದಪ್ಪ ಹಲಗೆ, ಹೊರಗೆ ರೆಕ್ಸಿನ್. ಬರೀ ಅಳತೆ ಕೊಟ್ಟು ಬರಬೇಡಿ. ಗಿಟಾರನ್ನು ಅವರ ಮುಂದೆ ಮಲಗಿಸಿ, ದಿಂಬು ಎಲ್ಲಿ ಬರಬೇಕು ಎಂದು ಬೆರಳಿಟ್ಟು ತೋರಿಸಿ. ನನ್ನ ಹಳೆ ಗಿಟಾರಿನ ಕೇಸು ಇಂಥದ್ದೇ. ಸ್ವಲ್ಪ ಭಾರ, ಆದರೆ ಅಳತೆ ಕೈಗವಸಿನ ಹಾಗೆ ಕೂತಿದೆ.

4. ಅಂಗಡಿಯಲ್ಲಿ ಐದು ನಿಮಿಷದ ಪರೀಕ್ಷೆ

ಗಿಟಾರನ್ನು ಕೇಸಿನಲ್ಲಿ ಮಲಗಿಸಿ. ಒಂದು ಕಾಗದದ ಪಟ್ಟಿಯನ್ನು ಹೆಡ್‌ಸ್ಟಾಕಿನ ಅಡಿಯಲ್ಲಿ ತೂರಿಸಿ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಬರಬೇಕು. ಅದೇ ಪಟ್ಟಿ ನೆಕ್ಕಿನ ದಿಂಬಿನ ಮೇಲೆ ಸಿಕ್ಕಿಕೊಳ್ಳಬೇಕು.

ಆಮೇಲೆ ಮುಚ್ಚಳ ಹಾಕಿ. ಕೈಯಿಂದ ಅದುಮಿ ಕೊಂಡಿ ಹಾಕಬೇಕಾಗಿ ಬಂದರೆ ಅದು ನಿಮ್ಮ ಕೇಸಲ್ಲ. ಬ್ರಿಡ್ಜಿನ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ. ಕೊಂಡಿ ಹಾಕಿ, ಕೇಸನ್ನು ಎತ್ತಿ ನಿಲ್ಲಿಸಿ, ಮೆಲ್ಲಗೆ ಆಚೆ ಈಚೆ ವಾಲಿಸಿ. ಒಳಗೆ ದಡ್ ದಡ್ ಸದ್ದು ಬಂದರೆ ಬಾಡಿ ಓಡಾಡುತ್ತಿದೆ. ಸ್ವಲ್ಪ ಓಡಾಟವಾದರೆ ಬಟ್ಟೆ ಇಟ್ಟು ಸರಿ ಮಾಡಬಹುದು. ಜಾಸ್ತಿ ಆದರೆ ಬಿಟ್ಟುಬಿಡಿ.

ಕೇಸುಗಳಲ್ಲಿ ಮೊದಲು ಕೈಕೊಡುವುದು ಹಿಡಿ. ಅದನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ. ಒಳಗಡೆ ಲೋಹದ ಪಟ್ಟಿ ಇಟ್ಟು ಬೋಲ್ಟ್ ಹಾಕಿದ್ದರೆ ಉಳಿಯುತ್ತದೆ. ಬರೀ ಹಲಗೆಗೆ ಸಣ್ಣ ಸ್ಕ್ರೂ ಹೊಡೆದಿದ್ದರೆ ಒಂದು ದಿನ ಕಿತ್ತು ಬರುತ್ತದೆ. ಹಿಡಿದು ಎತ್ತಿದಾಗ ಕೇಸು ತಲೆ ಕಡೆಗೋ ಬುಡದ ಕಡೆಗೋ ತೂಗಿದರೆ ರೈಲ್ವೆ ಮೆಟ್ಟಿಲು ಹತ್ತುವಾಗ ಮಣಿಕಟ್ಟು ನೋಯುತ್ತದೆ.

5. ನಮ್ಮೂರಿನ ದೂಳು, ಬಿಸಿಲು

ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ರಸ್ತೆಯಲ್ಲಿ ಓಡಾಡಿದವರಿಗೆ ಅದಿರಿನ ಕೆಂಪು ದೂಳು ಗೊತ್ತು. ಅದು ಗಿಟಾರಿನ ವಾಲ್ಯೂಮ್ ಪಾಟ್ (ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯ ಅಡಿಯ ಭಾಗ) ಒಳಗೆ ಸೇರಿದರೆ ತಿರುಗಿಸಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ. ಕೇಸು ದೂಳು ತಡೆಯುತ್ತದೆಯೇ ಎಂದು ನೋಡಲು ಸುಲಭದ ದಾರಿ: ಮೊಬೈಲ್ ಟಾರ್ಚ್ ಹಚ್ಚಿ ಖಾಲಿ ಕೇಸಿನೊಳಗೆ ಇಡಿ, ಕೊಂಡಿ ಹಾಕಿ, ಕೋಣೆಯ ಲೈಟ್ ಆರಿಸಿ. ಬೆಳಕು ಸೋರುವ ಕಡೆ ದೂಳೂ ನುಗ್ಗುತ್ತದೆ. ಸಣ್ಣ ಸಂದಾದರೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಸಾಕು.

ಬಿಸಿಲಿನ ವಿಷಯದಲ್ಲಿ ಕೇಸನ್ನು ನಂಬಬೇಡಿ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನ ಒಳಗೆ ಇನ್ನೂ ಜಾಸ್ತಿ. ಕಪ್ಪು ಕೇಸು ಬಿಸಿಯನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಅಂಟು ಮೆತ್ತಗಾಗಲು ಅಷ್ಟು ಸಾಕು. ಊಟಕ್ಕೆ ಇಳಿದರೆ ಗಿಟಾರನ್ನೂ ಇಳಿಸಿಕೊಳ್ಳಿ. ಒಣಹವೆಯಲ್ಲಿ ಫ್ರೆಟ್‌ಬೋರ್ಡಿನ ಮರ ಕುಗ್ಗಿ, ಫ್ರೆಟ್ ತುದಿಗಳು ಅಂಗೈಗೆ ಚುಚ್ಚತೊಡಗುತ್ತವೆ. ಕೇಸಿನ ಒಳಗೆ ತೇವಾಂಶ ಶೇ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಅದನ್ನು ಅಳೆಯುವ ಪುಟ್ಟ ಹೈಗ್ರೋಮೀಟರ್ ಕೇಸಿನ ಜೇಬಿನಲ್ಲಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬೇಸಿಗೆಯಲ್ಲಿ ತೆಗೆದುಬಿಡಿ.

6. ಮನೆಗೆ ತಂದ ಮೇಲೆ

ಸಂದು ತುಂಬಲು ಬಳ್ಳಾರಿಯಲ್ಲಿ ಬಟ್ಟೆಗೇನು ಬರವೇ? ಜೀನ್ಸ್ ಹೊಲಿಯುವ ಊರು. ತುಂಡು ಡೆನಿಮ್ ಸುತ್ತಿ ದಿಂಬು ಮಾಡಬಹುದು. ಆದರೆ ಹೊಸ ಡೆನಿಮ್ ಬಣ್ಣ ಬಿಡುತ್ತದೆ. ಬಿಳಿ, ಕೆನೆ ಬಣ್ಣದ ಗಿಟಾರಿನ ಮೇಲೆ ನೀಲಿ ಕಲೆ ಕೂತರೆ ಹೋಗುವುದು ಕಷ್ಟ. ಮೂರ್ನಾಲ್ಕು ಸಲ ಒಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತದಿದ್ದರೆ ಮಾತ್ರ ಬಳಸಿ. ನಿಮ್ಮ ಗಿಟಾರಿಗೆ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಎಂಬ ಬಗೆಯ ಮೆರುಗು ಹೊಡೆದಿದ್ದರೆ ರಬ್ಬರು, ಕೆಲವು ಬಗೆಯ ಫೋಮು ಮುಟ್ಟಿದ ಕಡೆ ಲ್ಯಾಕರ್ ಕರಗಿ ಅಂಟಂಟಾಗುತ್ತದೆ. ನಡುವೆ ಹಳೆ ಹತ್ತಿ ಪಂಚೆ ಹಾಸಿ.

ದೂರದ ಪ್ರಯಾಣವಾದರೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚುವುದು ಬೇಡ. ಬ್ರಿಡ್ಜಿಗೆ ಸಿಕ್ಕಿಸಿ ಸ್ವರ ಅಲುಗಿಸುವ ಟ್ರೆಮೊಲೊ ಕಡ್ಡಿಯನ್ನು ಬಿಚ್ಚಿ ಜೇಬಿನಲ್ಲಿಡಿ. ಕೇಬಲ್, ಪೆಡಲ್ಲುಗಳನ್ನು ಗಿಟಾರಿನ ಮೇಲೆ ತುರುಕಬೇಡಿ. ಹೆಸರು, ಫೋನ್ ನಂಬರನ್ನು ಮುಚ್ಚಳದ ಒಳಗೂ ಅಂಟಿಸಿ, ಹೊರಗಿನ ಚೀಟಿ ಉದುರುತ್ತದೆ.

ಕಾರ್ಯಕ್ರಮ ಮುಗಿದ ಗಡಿಬಿಡಿಯಲ್ಲಿ ಗಿಟಾರನ್ನು ಕೇಸಿನಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಕೊಂಡಿ ಹಾಕುವುದನ್ನು ಮರೆತು ಯಾರೋ ಕರೆದರೆಂದು ಎದ್ದು ಹೋಗುತ್ತೇವೆ. ಸಹಾಯಕ್ಕೆ ಬಂದ ಹುಡುಗ ಹಿಡಿ ಹಿಡಿದು ಎತ್ತುತ್ತಾನೆ. ಮುಚ್ಚಳ ತೆರೆದು ಗಿಟಾರು ಸ್ಟೇಜಿನ ಮೇಲೆ ಬೀಳುತ್ತದೆ. ನನ್ನ ಕಣ್ಣೆದುರೇ ಇದು ಎರಡು ಸಲ ಆಗಿದೆ. ಅಂದಿನಿಂದ, ಮುಚ್ಚಳ ಹಾಕಿದ ಕೈ ಎತ್ತುವ ಮೊದಲೇ ಒಂದಾದರೂ ಕೊಂಡಿ ಹಾಕುತ್ತೇನೆ. ಹಾಕಲು ಪುರುಸೊತ್ತಿಲ್ಲದಿದ್ದರೆ ಮುಚ್ಚಳವನ್ನು ಪೂರ್ತಿ ತೆರೆದೇ ಬಿಡುತ್ತೇನೆ. ತೆರೆದ ಕೇಸನ್ನು ಯಾರೂ ಎತ್ತುವುದಿಲ್ಲ.